ರೈಟ್ರೆ, ನಿಮಗೆ ಹೆದರಿಕೆ ಆಗಲ್ವಾ?

ಕೊಡಗಿನ ಸಿದ್ದಾಪುರದ ಸಂತೆಯಲ್ಲಿ ಕೇಳಿದ್ದಾರೆ, ಚರ್ಚಿನ ಮೆಟ್ಟಿಲ ಮೇಲೆ ಕೇಳಿದ್ದಾರೆ, ಮೊನ್ನೆ ಒಂದು ಮದುವೆ ಊಟದ ಪಂಕ್ತಿಯಲ್ಲೂ ಕೇಳಿದರು: "ರೈಟ್ರೆ, ಯೇಸು, ಪ್ರಾರ್ಥನೆ ಅಂತೆಲ್ಲ ಹೆಸರು ಹಾಕಿ ಪೇಪರಲ್ಲಿ ಬರೀತೀರಲ್ಲ, ಹೆದರಿಕೆ ಆಗಲ್ವಾ?" ಕೇಳುವವರಲ್ಲಿ ಅರ್ಧ ಜನ ತಾವೂ ಏನೋ ಬರೆದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟವರು. ಮುಖ ನೋಡಿದರೆ ಗೊತ್ತಾಗುತ್ತದೆ.

ರೈಟರ್ ಎಂದರೆ ಸಾಹಿತಿ ಎಂದುಕೊಳ್ಳಬೇಡಿ. ನಮ್ಮ ಕಾಫಿ ತೋಟಗಳಲ್ಲಿ ಹಾಜರಿ, ತೂಕ, ಬಟವಾಡೆ ಲೆಕ್ಕ ಬರೆಯುವ ಗುಮಾಸ್ತನನ್ನು ಹಾಗೆ ಕರೆಯುತ್ತಾರೆ. ನಾನು 22 ವರ್ಷದಿಂದ ಆ ಕೆಲಸದಲ್ಲಿದ್ದೇನೆ. ಇನ್ನೊಂದು ಬಗೆಯ ಬರವಣಿಗೆ ಶುರುವಾದದ್ದು ಹಳೇ ಚೆಕ್‌ರೋಲಿನ, ಅಂದರೆ ಹಾಜರಿ ಪುಸ್ತಕದ, ಹಿಂಬದಿಯ ಖಾಲಿ ಹಾಳೆಗಳಲ್ಲಿ, ಸಂಜೆ ತೂಕ ಮುಗಿದ ಮೇಲೆ.

ಹೆದರಿಕೆ ಆಗುತ್ತದೆ. ಈಗಲೂ ಆಗುತ್ತದೆ. ಆದರೆ ಜನ ಅಂದುಕೊಂಡ ಕಡೆಯಿಂದ ಅಲ್ಲ.

ಎಲ್ಲರ ಮನಸ್ಸಿನಲ್ಲಿರುವುದು ಮತಾಂತರ ಎಂಬ ಒಂದು ಪದ. 2022ರಲ್ಲಿ ರಾಜ್ಯದಲ್ಲಿ ಅದರ ಬಗ್ಗೆ ಕಾಯ್ದೆ ಬಂದಾಗ ನಾನೂ ಒಂದಷ್ಟು ತಿಂಗಳು ಪೆನ್ನು ಮುಚ್ಚಿಟ್ಟಿದ್ದೆ. ಆಮೇಲೆ ಧೈರ್ಯ ಮಾಡಿ ಕ್ರಿಸ್ಮಸ್ ಬಗ್ಗೆ ಬರೆದದ್ದು ಪತ್ರಿಕೆಯಲ್ಲಿ ಬಂತು. ಮರುದಿನ ಪಕ್ಕದ ತೋಟದ ಕೊಡವ ಹಿರಿಯರು ಜೀಪು ನಿಲ್ಲಿಸಿದರು. ನನ್ನ ಎದೆ ಧಸಕ್ಕೆಂದಿತು. "ನಿಮ್ಮ ಕೇಕಿನ ಬಗ್ಗೆ ಅಷ್ಟುದ್ದ ಬರೆದಿದ್ದೀರಿ. ಹುತ್ತರಿಗೆ ನಮ್ಮನೇಲಿ ತಂಬುಟ್ಟು ತಿಂದ್ರಲ್ಲ, ಅದನ್ಯಾಕೆ ಬಿಟ್ರಿ?" ಅಷ್ಟೇ ಅವರ ತಕರಾರು. ಎಲ್ಲರೂ ಹೀಗೇ ಇರುತ್ತಾರೆಂದು ನಾನು ಹೇಳುವುದಿಲ್ಲ. ಮುಖ ತಿರುಗಿಸಿದವರೂ ಇದ್ದಾರೆ.

ಸಂಶಯ ಬಂದಾಗ ನನಗೆ ಮೋಗ್ಲಿಂಗರು ನೆನಪಾಗುತ್ತಾರೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಬಾಸೆಲ್ ಮಿಷನ್ನಿನ ಪಾದ್ರಿ. ನಾವು ಪತ್ರಿಕಾ ದಿನ ಆಚರಿಸುವುದು ಅದೇ ತಾರೀಕಿಗೆ. ಆಮೇಲೆ ನಮ್ಮ ಕೊಡಗಿಗೇ ಬಂದು ನೆಲೆಸಿದರು. ಇಲ್ಲೇ ಹತ್ತಿರದ ಆನಂದಪುರದಲ್ಲಿ ಅವರ ಕಾಲದ ಕ್ರೈಸ್ತ ಸಭೆ ಇನ್ನೂ ಇದೆ. ಅವರು ಬಂದದ್ದು ಸುವಾರ್ತೆ ಸಾರಲಿಕ್ಕೇ, ಅದನ್ನು ಅವರು ಯಾವತ್ತೂ ಮುಚ್ಚಿಡಲಿಲ್ಲ. ಆದರೂ ಪತ್ರಿಕೆಯಲ್ಲಿ ಊರ ವರ್ತಮಾನ ಹಾಕಿದರು, ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಕ್ರೈಸ್ತ ಬರೆದದ್ದೆಲ್ಲ ಚರ್ಚಿನ ಪ್ರಸಂಗವೇ ಆಗಬೇಕಿಲ್ಲ ಎಂಬುದನ್ನು ನಾನು ಅವರಿಂದ ಕಲಿತೆ. ಕಾಫಿ ಹೂವಿನ ಮಳೆ ಬಗ್ಗೆ ಬರೆದರೂ ಅದರಲ್ಲಿ ನನ್ನ ನಂಬಿಕೆ ಇದ್ದೇ ಇರುತ್ತದೆ, ನಾನು ತುರುಕಬೇಕಿಲ್ಲ.

ನಿಜವಾದ ಹೆದರಿಕೆ ನಮ್ಮವರದೇ. "ಭಾನುವಾರ ಕೊನೇ ಬೆಂಚಲ್ಲಿ ತೂಕಡಿಸೋನು ದೇವರ ವಿಷಯ ಬರೀತಾನಂತೆ" ಎಂದು ಸಭೆಯ ಹಿರಿಯರೊಬ್ಬರು ನನಗೆ ಕೇಳಿಸುವ ಹಾಗೇ ಅಂದಿದ್ದರು. ಸುಳ್ಳಲ್ಲ, ತೂಕಡಿಸುತ್ತೇನೆ. ಇನ್ನು ಕೆಲವರು ಬೈಬಲಿನ ಮತ್ತಾಯ 6 ತೆರೆದು ತೋರಿಸುತ್ತಾರೆ: ಜನ ನೋಡಲೆಂದು ಧರ್ಮಕಾರ್ಯ ಮಾಡಬೇಡಿ, ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿರಿ. ಆ ಮಾತು ನನ್ನನ್ನು ಬಹಳ ದಿನ ಕಟ್ಟಿಹಾಕಿತ್ತು. ಆದರೆ ಒಂದು ಪುಟ ಹಿಂದಕ್ಕೆ ತಿರುಗಿಸಿದರೆ, ಯೇಸು ಬೆಟ್ಟದ ಮೇಲೆ ಮಾಡಿದ ಅದೇ ಪ್ರಸಂಗದಲ್ಲಿ, ದೀಪ ಹಚ್ಚಿ ಯಾರೂ ಕೊಳಗದ ಕೆಳಗೆ ಇಡುವುದಿಲ್ಲ ಎಂದೂ ಇದೆ. ನಮ್ಮಜ್ಜಿಯ ಮನೆಯಲ್ಲಿ ಭತ್ತ ಅಳೆಯುವ ಕೊಳಗ ಇತ್ತು. ಅದನ್ನು ದೀಪದ ಮೇಲೆ ಕವುಚಿದರೆ ಏನಾಗುತ್ತದೆಂದು ಚಿಕ್ಕವನಿದ್ದಾಗ ಮಾಡಿ ನೋಡಿದ್ದೇನೆ. ದೀಪ ಆರಿತು, ಬೆನ್ನಿಗೆ ಪೆಟ್ಟೂ ಬಿತ್ತು. ಎರಡೂ ಮಾತು ಒಬ್ಬನದೇ ಆದ್ದರಿಂದ ನಾನೊಂದು ಹೊಂದಾಣಿಕೆ ಮಾಡಿಕೊಂಡೆ. ನಾನು ಮಾಡಿದ ಪ್ರಾರ್ಥನೆ, ಉಪವಾಸ, ಕೊಟ್ಟ ಕಾಣಿಕೆ ಬರೆಯುವುದಿಲ್ಲ. ಎಡವಿದ್ದನ್ನು ಬರೆಯುತ್ತೇನೆ.

ಬರೆದದ್ದನ್ನು ಹರಿದುಹಾಕಿದರೆ ಎನ್ನುವವರಿಗೆ ಬೈಬಲಿನ ಪ್ರವಾದಿ ಯೆರೆಮೀಯನ 36ನೆಯ ಅಧ್ಯಾಯ ಓದಿ ಎನ್ನುತ್ತೇನೆ. ಪ್ರವಾದಿ ಹೇಳಿದ್ದನ್ನು ಸುರುಳಿಯಲ್ಲಿ ಬರೆದವನು ಬಾರೂಕ, ಅವನೂ ನನ್ನಂಥ ಒಬ್ಬ ರೈಟರೇ. ಚಳಿಗಾಲ, ರಾಜ ಯೆಹೋಯಾಕೀಮ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದಾನೆ. ಮೂರು ನಾಲ್ಕು ಅಂಕಣ ಓದಿಸುವುದು, ಲೇಖಕನ ಚೂರಿಯಿಂದ ಕೊಯ್ದು ಬೆಂಕಿಗೆ ಎಸೆಯುವುದು, ಸುರುಳಿ ಪೂರ್ತಿ ಸುಡುವತನಕ ಇದೇ ಕೆಲಸ. ಬಾರೂಕ ಇನ್ನೊಂದು ಸುರುಳಿ ತೆಗೆದುಕೊಂಡು ಮೊದಲಿಂದ ಬರೆದ, ಅದರಲ್ಲಿ ಇನ್ನೂ ಹೆಚ್ಚು ಮಾತು ಸೇರಿದವು. ಅವನೇನು ಗಟ್ಟಿಗನಲ್ಲ. 45ನೆಯ ಅಧ್ಯಾಯದಲ್ಲಿ ಅಯ್ಯೋ ನನ್ನ ಗತಿಯೇ ಎಂದು ನರಳುತ್ತಾನೆ. ದೊಡ್ಡದೇನನ್ನೂ ಬಯಸಬೇಡ, ನಿನ್ನ ಪ್ರಾಣ ಉಳಿಸಿಕೊಡುತ್ತೇನೆ ಎಂಬಷ್ಟೇ ಅವನಿಗೆ ಸಿಕ್ಕ ಸಮಾಧಾನ. ನನಗೂ ಅಷ್ಟು ಸಾಕು.

ಬಚ್ಚಿಟ್ಟವರಿಗೆ ನನ್ನ ಸಲಹೆ ಇಷ್ಟೇ: ಮೊದಲು ಒಬ್ಬರಿಗೆ ಓದಿ ಹೇಳಿ. ಹೊಗಳುವವರಿಗಲ್ಲ, ನಿಮ್ಮ ಬಣ್ಣ ಬಲ್ಲವರಿಗೆ. ನಾನು ನನ್ನ ಹೆಂಡತಿಗೆ ಓದುತ್ತೇನೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ತಲೆ ಎತ್ತಿದಳೆಂದರೆ ಆ ಸಾಲು ಸುಳ್ಳು ಎಂದರ್ಥ, ಹೊಡೆದುಹಾಕುತ್ತೇನೆ. ಬೇರೆಯವರ ಕಥೆ ಬಂದರೆ ಅವರನ್ನು ಕೇಳಿಯೇ ಬರೆಯಿರಿ. ಇದನ್ನು ನಾನು ತಡವಾಗಿ ಕಲಿತೆ.

ಒಂದು ವರ್ಷ ರೋಬಸ್ಟಾ ಕಾಫಿ ಕುಯ್ಲಿನ ಸಮಯ. ಲೈನ್‌ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ, ಅಜ್ಜಿಯೊಬ್ಬರ ಚೀಲದಲ್ಲಿ ಎಲೆ, ಹಸಿ ಕಾಯಿ ಸ್ವಲ್ಪ ಜಾಸ್ತಿ ಇತ್ತು. ಅವತ್ತು ಮೇಲಿನವರಿಂದ ಬೈಸಿಕೊಂಡು ಬಂದಿದ್ದೆ. ಆ ಸಿಟ್ಟಿಗೆ ತೂಕದಲ್ಲಿ ಎರಡು ಕೆಜಿ ಕಡಿದೆ. ಕಡಿಯಬೇಕಾದ್ದು ಅರ್ಧ ಕೆಜಿಯೂ ಇರಲಿಲ್ಲ. ಅಜ್ಜಿ ಮಾತಾಡದೆ ಖಾಲಿ ಚೀಲ ಮಡಚಿ ಕಂಕುಳಿಗಿಟ್ಟುಕೊಂಡು ಹೋದರು. ಆ ಮಡಚಿದ ಚೀಲ ಬಹಳ ದಿನ ಕಣ್ಣ ಮುಂದಿತ್ತು. ಕೊನೆಗೆ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಆ ನಲವತ್ತು ದಿನಗಳಲ್ಲಿ, ಅದನ್ನೇ ಬರೆದೆ. ಅಜ್ಜಿಯ ಹೆಸರು ಹಾಕಲಿಲ್ಲ, ನನ್ನದು ಹಾಕಿದೆ. ಅಜ್ಜಿಗೆ ಹೇಳಲೂ ಇಲ್ಲ.

ಪೇಪರು ಬಂದ ಸಂಜೆ ಅವರು ಮೊಮ್ಮಗಳ ಜೊತೆ ಕಣದ ಹತ್ತಿರ ಬಂದು ನಿಂತರು. ಹುಡುಗಿಯ ಕೈಯಲ್ಲಿ ಪೇಪರಿತ್ತು, ಓದಿ ಹೇಳಿದ್ದಾಳೆ. ಬೈಗುಳ ಕೇಳಲಿಕ್ಕೆ ನಾನು ಸಿದ್ಧನಾಗಿದ್ದೆ.

"ಎಲ್ಲ ಸರಿಯಾಗಿ ಬರ್ದಿದ್ದೀರಿ ರೈಟ್ರೆ," ಎಂದರು ಅಜ್ಜಿ. "ಎರಡು ಕೆಜಿ ಅಲ್ಲ. ಮೂರು."

ಒಳಗೆ ಹೋಗಿ ಹಳೇ ತೂಕದ ಪುಸ್ತಕ ತೆಗೆದೆ. ಕೆಂಪು ಶಾಯಿಯಲ್ಲಿ, ನನ್ನದೇ ಅಕ್ಷರ: ಕಡಿತ 3.