ಮಳೆಗಾಲದ ಗೊಬ್ಬರಕ್ಕೆ ಫೆಬ್ರವರಿಯಲ್ಲೇ ದರಗು ಗುಡಿಸಬೇಕು

ಚಿಕ್ಕಮಗಳೂರಿನ ಒಂದು ಬಡಾವಣೆಯಲ್ಲಿ ಮನೆಮನೆಯ ಹಸಿ ಕಸವನ್ನು ಅಲ್ಲೇ ಗೊಬ್ಬರ ಮಾಡಿಸುವುದು ನನ್ನ ಕೆಲಸ. ಪಾರ್ಕಿನ ಮೂಲೆಯಲ್ಲಿ ಮೂರು ತೊಟ್ಟಿಗಳಿವೆ. ಬೆಳಿಗ್ಗೆ ಏಳರ ಹೊತ್ತಿಗೆ ಜನ ಬಕೆಟ್ ತಂದು ಸುರಿದು ಹೋಗುತ್ತಾರೆ. ತರಕಾರಿ ಸಿಪ್ಪೆ, ಕಾಫಿ ಚರಟ, ಹಲಸಿನ ಸಿಪ್ಪೆ, ಮಿಕ್ಕಿದ ಅನ್ನ.

ಮೊದಲ ವರ್ಷ ಮನೆಮನೆ ಬಾಗಿಲಲ್ಲಿ ನಿಂತು ನಾನು ಹೇಳಿದ್ದೆಲ್ಲ ಪರಿಸರದ ಮಾತೇ. ಹಸಿ ಕಸ, ಒಣ ಕಸ ಬೇರೆ ಮಾಡಬೇಕು ಅಂತ ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮದಲ್ಲೇ ಇದೆ ಅಂತಲೂ ಹೇಳಿದೆ. ಜನ ಒಪ್ಪಿದರು. ಮೇ ತನಕ ಚೆನ್ನಾಗೇ ನಡೆಯಿತು. ಜೂನ್‌ನಲ್ಲಿ ಮಳೆ ಹಿಡಿಯಿತು, ಬಕೆಟ್ ತರುವವರು ಅರ್ಧಕ್ಕಿಳಿದರು. ಜನಕ್ಕೆ ಆಸಕ್ತಿ ಇಲ್ಲ ಅಂತ ವರದಿ ಬರೆದುಬಿಟ್ಟೆ. ಹಾಗೆ ಬರೆದಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ತೊಟ್ಟಿ ಪಕ್ಕದ ಮನೆಯ ಅಜ್ಜಿ ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು ಕಿಟಕಿ ತೆಗೆದರು. ಕೊಳೆತ ಮೊಟ್ಟೆಯ ವಾಸನೆ ಒಳಗೆ ನುಗ್ಗಿತು. "ನೋಡಮ್ಮ, ನಾವು ಇಲ್ಲೇ ಕೂತು ಊಟ ಮಾಡ್ಬೇಕು. ನಮ್ಮೂರಲ್ಲಿ ತಿಪ್ಪೆ ಮನೆ ಹಿಂದೇನೇ ಇತ್ತು, ಹಿಂಗೆ ನಾರ್ತಿರಲಿಲ್ಲ. ಕೊಟ್ಟಿಗೆಗೆ ಹಾಸಿದ ಸೊಪ್ಪು, ದರಗು ಎಲ್ಲ ಅದಕ್ಕೇ ಬೀಳ್ತಿತ್ತು."

ದರಗು, ಅಂದರೆ ಉದುರಿದ ಒಣ ಎಲೆ! ನಮ್ಮ ತೊಟ್ಟಿಯಲ್ಲಿ ಇಲ್ಲದಿದ್ದದ್ದು ಅದೇ. ಅಡುಗೆಮನೆ ಕಸದಲ್ಲಿ ನೀರು, ಸಾರಜನಕ ಜಾಸ್ತಿ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಸಿಕ್ಕರೆ ಕಸ ಸರಿಯಾಗಿ ಗೊಬ್ಬರವಾಗುತ್ತದೆ. ಬರೀ ಹಸಿ ಕಸ ಸುರಿದರೆ ಅದು ಅಂಟಿಕೊಂಡು ಗಾಳಿ ಆಡುವುದಿಲ್ಲ, ನಾರುತ್ತದೆ. ಬೇಸಿಗೆಯಲ್ಲಿ ಬಿಸಿಲೇ ನೀರು ಆರಿಸುತ್ತಿತ್ತು, ನನಗೆ ಗೊತ್ತಾಗಿರಲಿಲ್ಲ.

ಆದರೆ ಜೂನ್‌ನಲ್ಲಿ ಒಣ ಎಲೆ ಎಲ್ಲಿಂದ ತರೋದು? ಹೊಂಗೆ ಮರ ಫೆಬ್ರವರಿ, ಮಾರ್ಚ್ ಹೊತ್ತಿಗೇ ಎಲೆ ಉದುರಿಸಿಯಾಗಿತ್ತು. ಅದನ್ನು ರಸ್ತೆ ಬದಿ ಗುಡ್ಡೆ ಹಾಕಿ ಸುಡುವಾಗ ನಾನೂ ಸುಮ್ನೆ ನೋಡಿಕೊಂಡು ಹೋಗಿದ್ದೆ.

ಕೊನೆಗೆ ಕಾಫಿ ಹೊಟ್ಟು, ಬಡಗಿ ಅಂಗಡಿಯ ಮರದ ಪುಡಿ ತಂದೆವು. ಮೇಲೆ ಶೀಟು ಹಾಕಿಸಿದೆವು. ತೊಟ್ಟಿಯನ್ನು ಬುಡದ ತನಕ ಕೆದಕಿದರೆ ಒಳಗೆಲ್ಲ ಕಪ್ಪು ಲೋಳೆ, ಮುಟ್ಟಿದರೆ ತಣ್ಣಗೆ. ಹೊಟ್ಟು ಬೆರೆಸಿ, ಮಗುಚಿ, ಒಂದು ಹಿಡಿ ತೆಗೆದು ಹಿಂಡಿ ನೋಡಿದೆ. ಧಾರೆ ಬಂದರೆ ಇನ್ನೂ ಹೊಟ್ಟು ಬೇಕು. ಒಂದೆರಡು ಹನಿ ಬಂದರೆ ಸರಿ. ನಾಲ್ಕನೇ ದಿನ ಕೆದಕಿದಾಗ ಹಬೆ ಎದ್ದಿತು. ಒಳಗೆ ಕೈ ಇಟ್ಟರೆ ಸುಡುತ್ತಿತ್ತು. ವಾಸನೆ ಹೋಗಿತ್ತು. ಅಜ್ಜಿಯನ್ನು ಕರೆದು ತೋರಿಸಿದೆ.

ಬಿಟ್ಟುಹೋದ ಮನೆಗಳಿಗೆಲ್ಲ ಮತ್ತೆ ಹೋದೆ. ತಪ್ಪು ನಮ್ಮದು, ಈಗ ಬಂದು ನೋಡಿ ಅಂದೆ. ಹೆಚ್ಚಿನವರು ಬಂದರು. ಕೆಲವರು ಇನ್ನೂ ಬಂದಿಲ್ಲ. ಆ ವಾಸನೆ ಮರೆಯೋದು ಸುಲಭ ಅಲ್ಲ ಅಲ್ವಾ. ಈಗ ಬಾಗಿಲಲ್ಲಿ ನಾನು ಹೇಳುವುದು ಒಂದೇ ಮಾತು: ಒಂದು ಬಕೆಟ್ ಕಸಕ್ಕೆ ಒಂದೂವರೆ ಬಕೆಟ್ ದರಗು.

ಈ ಫೆಬ್ರವರಿಯಲ್ಲಿ ಮನೆಮನೆಗೆ ಹಳೇ ಕಾಫಿ ಚೀಲ ಹಂಚಿದೆವು. ಅಜ್ಜಿ ಮನೆಯ ಮೆಟ್ಟಿಲ ಕೆಳಗೇ ಹನ್ನೊಂದು ಚೀಲ ಹೊಂಗೆ ಎಲೆ ಇದೆ. ನೆಲದ ಥಂಡಿ ಹಿಡಿಯಬಾರದು ಅಂತ ಅವರೇ ಒಂದೊಂದರ ಕೆಳಗೂ ಇಟ್ಟಿಗೆ ಇಟ್ಟಿದ್ದಾರೆ.