ಒತ್ತಕ್ಷರಕ್ಕೂ ಜಾಗ ಕೊಡುವ ಫೈರ್‌ಫಾಕ್ಸ್: ಇಲ್ಲಿವರೆಗಿನ ಕೆಲಸ

ತುಮಕೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೊಂಡ ಲ್ಯಾಪ್‌ಟಾಪ್ ಇದು. ಪರದೆ 1366×768. ಅಗಲ ಪರವಾಗಿಲ್ಲ, ಎತ್ತರಕ್ಕೇ ಬರ. ಅದಕ್ಕೇ ಮೊದಲು ಕೈಹಾಕಿದ್ದು ಫೈರ್‌ಫಾಕ್ಸ್ ಬ್ರೌಸರ್‌ನ ಟ್ಯಾಬ್ ಪಟ್ಟಿಗೆ.

ಅದರ ಒಳ ಸೆಟ್ಟಿಂಗ್‌ಗಳ ಪುಟವಾದ ಅಬೌಟ್:ಕಾನ್ಫಿಗ್‌ನಲ್ಲಿ ‘ಲೆಗಸಿ ಯೂಸರ್ ಪ್ರೊಫೈಲ್ ಕಸ್ಟಮೈಸೇಶನ್ಸ್’ ಅನ್ನುವ, ನಾವೇ ಬರೆದ ಶೈಲಿಯ ಫೈಲ್ ಓದಲು ಬಿಡುವ ಆಯ್ಕೆಯನ್ನು ‘ಟ್ರೂ’ ಮಾಡಿದೆ. 2019ರ 69ನೇ ಆವೃತ್ತಿಯಿಂದ ಇದು ತಾನಾಗಿ ಆನ್ ಇರುವುದಿಲ್ಲ. ಆಮೇಲೆ ನಮ್ಮ ಸೆಟ್ಟಿಂಗ್‌ಗಳೆಲ್ಲ ಇರುವ ಪ್ರೊಫೈಲ್ ಫೋಲ್ಡರ್ ಒಳಗೆ ‘ಕ್ರೋಮ್’ ಅಂತ ಒಂದು ಫೋಲ್ಡರ್, ಅದರೊಳಗೆ ಬ್ರೌಸರ್‌ನದೇ ರೂಪ ಬದಲಿಸುವ ಯೂಸರ್‌ಕ್ರೋಮ್ ಸಿಎಸ್‌ಎಸ್ ಫೈಲ್. ಗೂಗಲ್ ಕ್ರೋಮ್‌ಗೂ ಇದಕ್ಕೂ ಸಂಬಂಧ ಇಲ್ಲ. ಪ್ರೊಫೈಲ್ ಎಲ್ಲಿದೆ ಅಂತ ಹುಡುಕಾಡಬೇಕಿಲ್ಲ, ಅಬೌಟ್:ಸಪೋರ್ಟ್ ಪುಟದಲ್ಲೇ ಬಟನ್ ಇದೆ.

ಟ್ಯಾಬ್ ಎತ್ತರ, ಸಾಲಿನ ಅಂತರ ಎರಡನ್ನೂ ಬಿಗಿ ಮಾಡಿದೆ. ಇಂಗ್ಲಿಷ್ ಶೀರ್ಷಿಕೆಗಳು ಚೆನ್ನಾಗೇ ಕೂತವು. ಕನ್ನಡದ್ದು ಎಡವಟ್ಟಾಯಿತು. ‘ಮಾರುಕಟ್ಟೆ’ಯಲ್ಲಿ ಟ ಒತ್ತು ಅರ್ಧ ಮಾಯ. ‘ಮಹಾರಾಷ್ಟ್ರ’ದ ಕೆಳಗಿನ ಭಾಗವಂತೂ ನೆಲದೊಳಗೆ ಹೂತು ಹೋದ ಹಾಗೆ. ಅವತ್ತಿನಿಂದ ನನ್ನ ಪರೀಕ್ಷೆಯ ಪದ ‘ರಾಷ್ಟ್ರ’. ಷ, ಅದರ ಕೆಳಗೆ ಟ ಒತ್ತು, ಜೊತೆಗೆ ರ ಒತ್ತು. ಇದು ಪೂರ್ತಿ ಕಂಡರೆ ಬಾಕಿ ಎಲ್ಲ ಕಾಣುತ್ತದೆ.

ಕೊನೆಗೆ ಬಿಗಿ ಮಾಡುವ ಯೋಚನೆಯನ್ನೇ ಬಿಟ್ಟು ಟ್ಯಾಬ್‌ಗಳನ್ನು ಎಡಗಡೆ ನಿಲ್ಲಿಸಿದೆ. 2025ರ ಮಾರ್ಚ್‌ನಲ್ಲಿ ಬಂದ 136ನೇ ಆವೃತ್ತಿಯಿಂದ ಈ ಸೌಲಭ್ಯ ಫೈರ್‌ಫಾಕ್ಸ್ ಒಳಗೇ ಇದೆ. ಮುಂಚೆ ಇದಕ್ಕೆ ಎಕ್ಸ್‌ಟೆನ್ಶನ್ ಬೇಕಿತ್ತು, ಮೇಲಿನ ಪಟ್ಟಿ ಅಡಗಿಸೋಕೆ ಬೇರೆ ಕೋಡ್. ಈಗ ಸಾಲಿಗೆ ಧಾರಾಳ ಎತ್ತರ ಕೊಟ್ಟರೂ ನಷ್ಟ ಇಲ್ಲ. ಹೇಗೂ ಎಷ್ಟೋ ಸೈಟ್‌ಗಳು ಎರಡೂ ಪಕ್ಕ ಸುಮ್ನೆ ಖಾಲಿ ಬಿಟ್ಟಿರುತ್ತವೆ, ಅಲ್ವಾ?

ಮುಂದಿನದು ಫಾಂಟ್. ಸೆಟ್ಟಿಂಗ್ಸ್‌ನ ಫಾಂಟ್ ಭಾಗದಲ್ಲಿ ಅಡ್ವಾನ್ಸ್ಡ್ ಒತ್ತಿದರೆ ಭಾಷೆಗಳ ಪಟ್ಟಿ ಬರುತ್ತದೆ, ಕನ್ನಡಕ್ಕೂ ಅದರಲ್ಲಿ ಬೇರೆಯೇ ಜಾಗ ಇದೆ. ನೋಟೊ ಸ್ಯಾನ್ಸ್ ಕನ್ನಡ ಹಾಕಿ, ಗಾತ್ರ 18 ಇಟ್ಟೆ. ಗುಬ್ಬಿ ಫಾಂಟನ್ನೂ ಹಾಕಿ ನೋಡಿದೆ (ಈ ಜಿಲ್ಲೆಯವನು ನೋಡದೆ ಬಿಡೋಕಾಗುತ್ತಾ!). ಆದರೆ ಉದ್ದದ ಬರಹ ಓದೋಕೆ ನನ್ನ ಕಣ್ಣಿಗೆ ನೋಟೊನೇ ಹಿತ.

ಆದರೂ ಕೆಲವು ಕನ್ನಡ ಸೈಟ್‌ಗಳಲ್ಲಿ ಅಕ್ಷರ ಚಿಕ್ಕದಾಗಿಯೇ ಉಳಿಯಿತು. ಪುಟದ ಸೋರ್ಸ್ ಕೋಡ್ ತೆಗೆದು ನೋಡಿದೆ. ಬರಹ ಪೂರ್ತಿ ಕನ್ನಡ, ಕೋಡ್‌ನ ಮೊದಲ ಸಾಲಿನಲ್ಲಿ ಮಾತ್ರ ಭಾಷೆ ಇಂಗ್ಲಿಷ್ ಅಂತ ಬರೆದಿದೆ! ಹಾಗಿದ್ದಾಗ ನಾವು ಕನ್ನಡಕ್ಕೆ ಕೊಟ್ಟ ಗಾತ್ರವನ್ನು ಬ್ರೌಸರ್ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅಂಥ ಸೈಟ್‌ಗಳಿಗೆ ಯೂಸರ್‌ಕಂಟೆಂಟ್ ಸಿಎಸ್‌ಎಸ್‌ನಲ್ಲಿ (ಇದು ಸೈಟ್‌ಗಳ ರೂಪ ಬದಲಿಸುವ ಇನ್ನೊಂದು ಫೈಲ್) ಒಂದೊಂದಾಗಿ ನಿಯಮ ಬರೆಯುತ್ತಿದ್ದೇನೆ: ಗಾತ್ರ ದೊಡ್ಡದು, ಸಾಲಿನ ಅಂತರ 1.8. ಬೇಜಾರಿನ ಕೆಲಸ, ಆದರೆ ಒಮ್ಮೆ ಬರೆದರೆ ಆಯಿತು. ಪುಟದ ಫಾಂಟ್ ಪೂರ್ತಿ ಬಂದ್ ಮಾಡುವ ಟಿಕ್ ಕೂಡ ಇದೆ. ಅದು ಬೇಡ, ಕೆಲವು ಕಡೆ ಐಕಾನ್ ಹೋಗಿ ಚೌಕ ಬರುತ್ತದೆ.

ಅಪ್ಪನಿಗೆ ಇದ್ಯಾವುದೂ ಬೇಡ. ತಿಪಟೂರಿನ ಕೊಬ್ಬರಿ ರೇಟು ಕಂಡರೆ ಸಾಕು. ಆ ಪುಟ ತೆಗೆದು ಕಂಟ್ರೋಲ್, ಪ್ಲಸ್ ಒತ್ತಿ 150ಕ್ಕೆ ನಿಲ್ಲಿಸಿದೆ. ಜೂಮ್ ಆಯಾ ಸೈಟ್‌ಗೆ ನೆನಪಿರುತ್ತದೆ.

ಬಾಕಿ ಇರುವುದು ಅಡ್ರೆಸ್ ಬಾರ್‌ನ ಸಲಹೆಗಳ ಪಟ್ಟಿ. ‘ರಾಷ್ಟ್ರ’ ಅಲ್ಲಿ ಇನ್ನೂ ಪಾಸಾಗಿಲ್ಲ.