ಯಾರಿಗೆ ಅಂತ ಕೇಳದೆ ಕೊಟ್ಟ ಮೂಗಿನ ಡ್ರಾಪ್ಸ್

ತೊಗರಿ ರಾಶಿ ಶುರುವಾದರೆ ಕಲಬುರಗಿಯ ಮೆಡಿಕಲ್‌ಗಳಲ್ಲಿ ಮೂಗು ಕಟ್ಟಿದವರದೇ ಸಾಲು. ಧೂಳು, ಅದರ ಮೇಲೆ ಥಂಡಿ. ಆ ಸಂಜೆ ಕೌಂಟರಿನಲ್ಲಿ ನಾನೊಬ್ಬನೇ ಇದ್ದೆ.

"ಲಗೂ ಕೊಡಪ್ಪಾ, ಜೇವರ್ಗಿ ಬಸ್ ಹೋಗ್ತದ" ಅಂತ ಅಜ್ಜಿಯೊಬ್ಬರು ಚೀಟಿ ಚಾಚಿದರು. ಝೈಲೋಮೆಟಾಜೋಲಿನ್, ಕಟ್ಟಿದ ಮೂಗು ಬಿಡಿಸುವ ಡ್ರಾಪ್ಸ್, ಅನ್ನುವಷ್ಟು ಓದಿದೆ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಹೆಸರು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಪಟ್ಟಿಯಲ್ಲಿ ಮೇಲೆ ಬಂದದ್ದನ್ನೇ ಒತ್ತಿ, ಬಾಟಲಿ ಕೊಟ್ಟು ಕಳಿಸಿದೆ.

ಚೀಟಿ ಕೌಂಟರಿನ ಮೇಲೇ ಉಳಿದಿತ್ತು. ಎತ್ತಿಡಲು ಹೋದಾಗ ಮೂಲೆಯಲ್ಲಿ ಬರೆದಿದ್ದ ವಯಸ್ಸು ಕಂಡಿತು. 3 ವರ್ಷ. ನಾನು ಕೊಟ್ಟದ್ದು ದೊಡ್ಡವರ 0.1 ಪರ್ಸೆಂಟ್. ಮಕ್ಕಳದ್ದು 0.05.

ಸುಮ್ನೆ ಮೂಗಿನ ಡ್ರಾಪ್ಸ್ ಅಲ್ವಾ ಅನ್ನುವ ಹಾಗಿಲ್ಲ. ಈ ಔಷಧಿ ಮೂಗಿನೊಳಗಿನ ರಕ್ತನಾಳದಲ್ಲಿ ಬಿಗಿಯಾಗು ಅನ್ನುವ ಸಂದೇಶ ಪಡೆಯುವ ಆಲ್ಫಾ ರಿಸೆಪ್ಟರ್ ಹಿಡಿದು ನಾಳವನ್ನು ಬಿಗಿ ಮಾಡುತ್ತದೆ. ಊತ ಇಳಿದು ಉಸಿರು ಸಲೀಸಾಗುತ್ತದೆ. ಆದರೆ ಇಮಿಡಜೋಲಿನ್ ಅನ್ನುವ ಇದರ ರಾಸಾಯನಿಕ ರಚನೆ ಬಿಪಿ ಮಾತ್ರೆ ಕ್ಲೋನಿಡಿನ್‌ಗೆ ಹತ್ತಿರದ ನೆಂಟ. ಸಣ್ಣ ಮಕ್ಕಳಲ್ಲಿ ಜಾಸ್ತಿಯಾದರೆ ಮಿದುಳಿಗೂ ತಲುಪುತ್ತದೆ. ಮಂಪರು ಕವಿಯುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಉಸಿರಾಟವೂ ಕುಗ್ಗಬಹುದು.

ಮಕ್ಕಳ ಬಾಟಲಿ ಕಿಸೆಗೆ ಹಾಕಿಕೊಂಡು, ಪಕ್ಕದ ಅಂಗಡಿಯವರಿಗೆ ಕೂಗಿ ಹೇಳಿ, ಬಸ್‌ಸ್ಟ್ಯಾಂಡಿಗೆ ಓಡಿದೆ. ಜೇವರ್ಗಿ ಬಸ್ ಹಿಂದಕ್ಕೆ ಸರಿಯುತ್ತಿತ್ತು. ಬಾಗಿಲು ಬಡಿದೆ. ಕಂಡಕ್ಟರ್ ಬೈದರು, ಆದರೂ ಬಸ್ ನಿಂತಿತು. ಮೂರನೇ ಸೀಟಿನಲ್ಲಿ ಅಜ್ಜಿ. ಮಗು ತೊಡೆಯ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಅದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು.

"ಔಷಧ ಹಾಕೀರೇನವ್ವಾ?"

"ಇಲ್ಲಪ್ಪಾ, ಊರಿಗೆ ಹೋಗಿ ಹಾಕಬೇಕು."

ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಬಾಟಲಿಯ ಸೀಲ್ ಒಡೆದಿರಲಿಲ್ಲ. ಬದಲಾಯಿಸಿ ಕೊಟ್ಟೆ. ಎಷ್ಟು ಹನಿ, ಎಷ್ಟು ದಿನ ಅಂತ ಎರಡು ಸಲ ಹೇಳಿದೆ.

ಸಾಫ್ಟ್‌ವೇರ್ ಸರಿಮಾಡಿಸಿ ಅಂತ ಮಾಲೀಕರಿಗೆ ಹೇಳಿ ಎರಡು ತಿಂಗಳಾಯಿತು. ಇನ್ನೂ ಆಗಿಲ್ಲ. ನಾನೇ ಮಕ್ಕಳ ಡ್ರಾಪ್ಸನ್ನು ಬೇರೆ ಡ್ರಾಯರಿಗೆ ಹಾಕಿ ಕೆಂಪು ಟೇಪ್ ಅಂಟಿಸಿದ್ದೇನೆ. ಯಾರಿಗೆ ಅಂತ ಕೇಳದೆ ರ್ಯಾಕಿಗೆ ಕೈ ಹಾಕುವುದಿಲ್ಲ.

ಮೊನ್ನೆ ಒಬ್ಬ ಹುಡುಗ ಇದೇ ಡ್ರಾಪ್ಸ್ ಕೇಳಿದ. ಯಾರಿಗೆ ಅಂದೆ. "ನನಗೇರೀ, ಮೂರು ತಿಂಗಳಿಂದ ಇದಿಲ್ಲದೆ ನಿದ್ದಿ ಬರಂಗಿಲ್ಲ" ಅಂದ. ವಾರಕ್ಕಿಂತ ಜಾಸ್ತಿ ಹಾಕಿದರೆ ಇದೇ ಔಷಧಿ ಮೂಗು ಕಟ್ಟಿಸುತ್ತದೆ. ಅವನನ್ನು ಕೂರಿಸಿ ಅದನ್ನು ಬಿಡಿಸಿ ಹೇಳಿದೆ, ಬಾಟಲಿ ಕೊಡದೆ ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿದೆ.